ಮೋಲ್ಡ್‌ಗೆ ಎಷ್ಟು ಸಿಮೆಂಟ್? ನಾಲ್ಕು ಕಡೆ ಕೇಳಿದೆ, ನಾಲ್ಕು ಲೆಕ್ಕ ಬಂತು

ಮೈಸೂರಿನಲ್ಲಿ ನಮ್ಮದು 30×50 ಸೈಟು. ಮೊದಲ ಮೋಲ್ಡ್‌ (ಚಾವಣಿಯ ಕಾಂಕ್ರೀಟ್ ಸ್ಲ್ಯಾಬ್ ಮತ್ತು ಬೀಮ್) ಹಾಕುವ ವಾರ ಸಿಮೆಂಟ್ ಎಷ್ಟು ತರಿಸಬೇಕು ಅಂತ ಗೊತ್ತಾಗಲಿಲ್ಲ. ಮೇಸ್ತ್ರಿ 108 ಮೂಟೆ ಅಂದರು. ಫೋನಿನ ಆ್ಯಪ್ 85 ಅಂದಿತು. ನಾನೇ ಟೇಪು ಹಿಡಿದು ಲೆಕ್ಕ ಹಾಕಿದರೆ 104 ಬಂತು. ಕಲಸಿದ ಕಾಂಕ್ರೀಟನ್ನೇ ಗಾಡಿಯಲ್ಲಿ ತಂದುಕೊಡುವ ರೆಡಿಮಿಕ್ಸ್‌ನವರು 14 ಕ್ಯೂಬಿಕ್ ಮೀಟರ್ ಬೇಕು ಅಂದರು, ಅಂದರೆ ಸುಮಾರು 112 ಮೂಟೆ.

ಮೇಸ್ತ್ರಿ ಲೆಕ್ಕ ಅರ್ಧ ನಿಮಿಷದ್ದು. "ಚದರಕ್ಕೆ ಹನ್ನೆರಡು ಮೂಟೆ ಇಟ್ಕೊಳ್ಳಿ ಸಾರ್." ಒಂದು ಚದರ ಅಂದರೆ 100 ಚದರ ಅಡಿ. ನಮ್ಮದು ಮೆಟ್ಟಿಲಿನ ಜಾಗ ಬಿಟ್ಟು 9 ಚದರ. ಈ ಹನ್ನೆರಡು ಎಲ್ಲಿಂದ ಬಂತು ಅಂತ ಆಮೇಲೆ ನೋಡಿದೆ. 5 ಇಂಚು ದಪ್ಪದ ಒಂದು ಚದರಕ್ಕೆ 42 ಘನ ಅಡಿ ಕಾಂಕ್ರೀಟ್ ಬೇಕು. 1:1.5:3 (ಸಿಮೆಂಟ್, ಮರಳು, ಜಲ್ಲಿ) ಮಿಶ್ರಣದಲ್ಲಿ ಅದಕ್ಕೆ ಒಂಬತ್ತೂವರೆ ಮೂಟೆ. ಮಿಕ್ಕಿದ್ದು ಬೀಮ್‌ಗಳಿಗೆ. ಅವರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಬೀಮ್ ಜಾಸ್ತಿ ಇರುವ ಮನೆಗೆ ಇದೇ ಸೂತ್ರ ಸಾಲುವುದಿಲ್ಲ. ಜಲ್ಲಿ, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ವಿಷಯಕ್ಕೆ ಬಂದರೆ "ಎರಡೆರಡು ಲೋಡ್" ಅಂದರು. ಯಾವ ಲಾರಿಯ ಲೋಡು ಅಂತ ಮಾತ್ರ ಕೇಳಬಾರದು!

ಆ್ಯಪ್‌ಗೆ ಉದ್ದ, ಅಗಲ, ದಪ್ಪ ಕೊಟ್ಟೆ. 10.6 ಕ್ಯೂಬಿಕ್ ಮೀಟರ್ ಅಂತ ತೋರಿಸಿತು. ಬೀಮ್ ಇದೆಯಾ ಅಂತ ಕೇಳಲೇ ಇಲ್ಲ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 16.4 ಅಂತ ಇನ್ನೊಂದು ಅಂಕಿ. ಅದು ಒಣ ಸಾಮಾನಿನ ಲೆಕ್ಕ. ಕಲಸಿದಾಗ ಕುಗ್ಗುತ್ತೆ ಅಂತ 1.54ರಿಂದ ಗುಣಿಸಿರುತ್ತಾರೆ. ರೆಡಿಮಿಕ್ಸ್‌ಗೆ ಆರ್ಡರ್ ಕೊಡುವವರು ಆ ಅಂಕಿ ಹೇಳಬಾರದು, ಒದ್ದೆ ಲೆಕ್ಕವನ್ನೇ ಹೇಳಬೇಕು. ನಾನೂ ಹೇಳಿಬಿಡುತ್ತಿದ್ದೆ.

ಟೇಪಿನ ಲೆಕ್ಕಕ್ಕೆ ಒಂದು ಸಂಜೆ ಹಿಡಿಯಿತು. ಸ್ಲ್ಯಾಬ್ 375 ಘನ ಅಡಿ. ಬೀಮ್ ಒಟ್ಟು 130 ಅಡಿ ಉದ್ದ, 9 ಇಂಚು ಅಗಲ, ಸ್ಲ್ಯಾಬಿನ ಕೆಳಗೆ 10 ಇಂಚು ಇಳಿದಿದೆ. ಮೇಲಿನ 5 ಇಂಚು ಆಗಲೇ ಸ್ಲ್ಯಾಬಿನಲ್ಲಿ ಸೇರಿದೆ, ಮತ್ತೆ ಸೇರಿಸಬಾರದು. ಅದು 81 ಘನ ಅಡಿ. ಎರಡೂ ಕೂಡಿ 456, ಅಂದರೆ 12.9 ಕ್ಯೂಬಿಕ್ ಮೀಟರ್. ಕ್ಯೂಬಿಕ್ ಮೀಟರ್‌ಗೆ 8 ಮೂಟೆ, ಹಾಗಾಗಿ 104. ಎಂ ಸ್ಯಾಂಡ್ 190 ಘನ ಅಡಿ, ಜಲ್ಲಿ ಅದರ ಎರಡರಷ್ಟು. ಜಲ್ಲಿ ಲೆಕ್ಕ ಸರಿಯಾಗಿ ಸಿಕ್ಕಿದ್ದು ಇಲ್ಲಿ ಮಾತ್ರ.

ರೆಡಿಮಿಕ್ಸ್‌ನವರು ಬಂದು ಪ್ಲ್ಯಾನ್ ನೋಡಿದರು, ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಶೀಟು, ಸಪೋರ್ಟ್ ಕೊಟ್ಟು ಕಟ್ಟುವ ಅಚ್ಚು) ಕೆಳಗೆ ಎರಡು ನಿಮಿಷ ಓಡಾಡಿದರು, 14 ಅಂದರು. ಮಾರುವವರಲ್ವಾ, ಜಾಸ್ತಿಯೇ ಹೇಳುತ್ತಾರೆ ಅಂದುಕೊಂಡೆ. ಹೇಗೂ ನಮ್ಮ ಗಲ್ಲಿಗೆ ಅವರ ಗಾಡಿ ಬರುವಂತಿರಲಿಲ್ಲ. ಮಿಕ್ಸರ್ ತರಿಸಿ ಸೈಟಿನಲ್ಲೇ ಕಲಸಿದೆವು.

ನನ್ನ ಲೆಕ್ಕದ ಮೇಲೆ 5 ಸೇರಿಸಿ 109 ಮೂಟೆ ಇಳಿಸಿದ್ದೆ. ಸಂಜೆ ನಾಲ್ಕಕ್ಕೆ ಬಾಲ್ಕನಿ ಮೂಲೆ ಬಾಕಿ ಇರುವಾಗಲೇ ಮೂಟೆ ಖಾಲಿ. ಮಧ್ಯದಲ್ಲಿ ನಿಲ್ಲಿಸಿದರೆ ಹಳೇ ಕಾಂಕ್ರೀಟ್ ಹೊಸದನ್ನು ಹಿಡಿಯುವುದಿಲ್ಲ, ಆ ಗೆರೆಯಲ್ಲೇ ಮುಂದೆ ನೀರು ಇಳಿಯುತ್ತೆ. ಓಡಿ ಹೋಗಿ ಆಟೋದಲ್ಲಿ 3 ಮೂಟೆ ಹಾಕಿಸಿಕೊಂಡು ಬಂದೆ. ಒಟ್ಟು 112.

ಕೂಡಿದ್ದು ತಪ್ಪಿರಲಿಲ್ಲ. ಸೆಂಟ್ರಿಂಗ್ ಶೀಟ್ ಅಲ್ಲಲ್ಲಿ ಜಗ್ಗಿತ್ತು. ಹಸಿ ಕಾಂಕ್ರೀಟಿಗೆ ಕಂಬಿ ಚುಚ್ಚಿ ನೋಡಿದರೆ ಎಷ್ಟೋ ಕಡೆ ಐದೂವರೆ ಇಂಚು, ಕೆಲವು ಕಡೆ ಇನ್ನೂ ಜಾಸ್ತಿ. 900 ಚದರ ಅಡಿಗೆ ಅರ್ಧ ಇಂಚು ಅಂದರೆ 37 ಘನ ಅಡಿ, ಅಂದರೆ ಎಂಟು ಮೂಟೆಗೂ ಮೇಲೆ. ರೆಡಿಮಿಕ್ಸ್‌ನವರು ಸೆಂಟ್ರಿಂಗ್ ಕೆಳಗೆ ಓಡಾಡಿ ನೋಡಿದ್ದು ಬಹುಶಃ ಅದನ್ನೇ.

ಎರಡನೇ ಮೋಲ್ಡ್‌ಗೂ ಅಷ್ಟೇ ಅಳತೆ. ಟೇಪಿನ ಲೆಕ್ಕಕ್ಕೆ ಅರ್ಧ ಇಂಚು ಸೇರಿಸಿ 112 ತರಿಸಿದೆ. ಹಿಂದಿನ ದಿನವೇ ದಾರ ಕಟ್ಟಿ, ಜಗ್ಗಿದ ಕಡೆಯೆಲ್ಲ ಇನ್ನೊಂದು ಸಪೋರ್ಟ್ ಕೊಡಿಸಿದೆ. ಸೆಂಟ್ರಿಂಗ್‌ನವರು ಗೊಣಗಿದರು. ಕಂಬಿಗೆ 5 ಇಂಚಿನ ಗುರುತು ಹಾಕಿ ದಿನವಿಡೀ ಚುಚ್ಚುತ್ತಾ ನಿಂತೆ. 5 ಮೂಟೆ ಉಳಿಯಿತು, ಪ್ಲಾಸ್ಟರಿಂಗ್‌ಗೆ ಆಯಿತು.