ಬಿದ್ದ ವಾಷರ್ ಸಿಗದಿದ್ದರೆ ಎಂಜಿನ್ ತಿರುಗಿಸಬೇಡಿ

ಕಾರಿನ ಸಣ್ಣಪುಟ್ಟ ಕೆಲಸಗಳನ್ನು ಮನೆಯಲ್ಲೇ ಮಾಡಿಕೊಳ್ಳುವ ಅಭ್ಯಾಸ ನನಗೆ ಹಲವು ವರ್ಷಗಳಿಂದ ಇದೆ. ಆಯಿಲ್, ಫಿಲ್ಟರ್, ಬೆಲ್ಟ್, ಬ್ಯಾಟರಿ ಇವುಗಳಲ್ಲಿ ಕೈ ಪಳಗಿದೆ ಎಂಬ ಧೈರ್ಯದಿಂದ ಈ ಸಲ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ (ಆಯಿಲ್ ಸೋರದಂತೆ ಅದರಡಿ ಕೂರಿಸುವ ಸೀಲು) ಮತ್ತು ಸ್ಪಾರ್ಕ್ ಪ್ಲಗ್‌ಗಳನ್ನು ಬದಲಾಯಿಸಲು ಹೊರಟೆ. ಅರ್ಧ ದಿನದ ಕೆಲಸವೆಂದು ಆರಂಭಿಸಿದ್ದು, ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಸಿಲಿಂಡರ್ ಹೆಡ್ಡನ್ನೇ ಬಿಚ್ಚಿಸಬೇಕಾದ ಸ್ಥಿತಿಗೆ ಬಂದು ನಿಂತಿತು. ಯಾವ ಬೋಲ್ಟಿಗೆ ಎಷ್ಟು ಬಿಗಿ, ಯಾವುದನ್ನು ಮೊದಲು ಬಿಚ್ಚಬೇಕು ಎಂಬುದೆಲ್ಲ ಕೈಪಿಡಿಯಲ್ಲಿತ್ತು. ನಾನು ಅದನ್ನು ಓದಿಯೂ ಇದ್ದೆ. ಆದರೆ ಒಂದೇ ದಿನದಲ್ಲಿ ಮೂರು ಬಾರಿ ನನ್ನ ಕೈಗೂ ಕಿವಿಗೂ ಸ್ಪಷ್ಟವಾಗಿ ತಿಳಿದದ್ದನ್ನು ನಾನು ಏನೋ ಒಂದು ಕಾರಣ ಹೇಳಿಕೊಂಡು ತಳ್ಳಿಹಾಕಿದೆ. ಇಂಥ ಕೆಲಸಕ್ಕೆ ಕೈಹಾಕುವವರು ಆ ಮೂರು ಗಳಿಗೆಗಳನ್ನು ಮುಂಚಿತವಾಗಿ ಗುರುತಿಸಲಿ ಎಂದು ನಡೆದುದನ್ನು ನಡೆದಂತೆ ಬರೆಯುತ್ತಿದ್ದೇನೆ.

ಮೊದಲು ತೊಂದರೆ ಏನಿತ್ತೆಂದು ಹೇಳಬೇಕು. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗಳು ಎರಡಿರುವ ಬಹಳಷ್ಟು ಎಂಜಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್‌ಗಳು ಟ್ಯಾಪೆಟ್ ಕವರಿನ ನಡುವೆ ಬಾವಿಯಂತೆ ಇಳಿದ ಕೊಳವೆಗಳ ತಳದಲ್ಲಿರುತ್ತವೆ. ಆ ಕೊಳವೆಗಳ ಬಾಯಿಗಿರುವ ರಬ್ಬರ್ ಸೀಲು ಬಿಸಿಗೆ ಗಟ್ಟಿಯಾಗಿ ಸೀಳಿದಾಗ ಆಯಿಲ್ ಒಳಕ್ಕೆ ಇಳಿದು ಪ್ಲಗ್‌ನ ಸುತ್ತ ನಿಲ್ಲುತ್ತದೆ, ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್‌ನ ರಬ್ಬರ್ ತೊಡಿಕೆ ಆ ಆಯಿಲ್‌ನಲ್ಲಿ ಉಬ್ಬಿ ಹಾಳಾಗುತ್ತದೆ, ಎಂಜಿನ್ ಮಿಸ್ ಹೊಡೆಯಲು ತೊಡಗುತ್ತದೆ. ನನ್ನದರಲ್ಲಿ ಎರಡು ಮತ್ತು ಮೂರನೆಯ ಸಿಲಿಂಡರುಗಳ ಬಾವಿಯಲ್ಲಿ ಆಯಿಲ್ ತುಂಬಿತ್ತು. ಅದನ್ನು ಹೀರಿ ತೆಗೆದು, ಕಸವನ್ನು ಗಾಳಿಯಿಂದ ಊದಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ನಂತರ ಕವರ್ ಎತ್ತಿದೆ. ಇಲ್ಲಿಯವರೆಗೆ ಯಾವ ತಪ್ಪೂ ಆಗಿರಲಿಲ್ಲ. ಪ್ಲಗ್ ತೆಗೆದ ಮೇಲೆ ರಂಧ್ರಗಳನ್ನು ತೆರೆದೇ ಬಿಟ್ಟಿದ್ದೆ ಎಂಬುದೊಂದನ್ನು ಬಿಟ್ಟರೆ.

ಹೊಸ ಗ್ಯಾಸ್ಕೆಟ್ ಕೂರಿಸಿ ಕವರನ್ನು ಮತ್ತೆ ಇಟ್ಟು ಬೋಲ್ಟ್‌ಗಳನ್ನು ಒಂದೊಂದಾಗಿ ಕೈಯಲ್ಲೇ ಹಿಡಿಸುತ್ತಿದ್ದೆ. ನಡುಸಾಲಿನ ಬೋಲ್ಟ್‌ಗಳು ಪ್ಲಗ್ ಬಾವಿಗಳ ಪಕ್ಕದಲ್ಲೇ ಇವೆ. ಆಯಿಲ್ ಮೆತ್ತಿದ ಬೆರಳಿನಿಂದ ಒಂದು ವಾಷರ್ ಜಾರಿತು. ಟಿಣ್ ಎಂದು ಒಂದು ಸದ್ದಾಯಿತು, ಅಷ್ಟೆ. ನೆಲಕ್ಕೆ ಬಿದ್ದ ವಾಷರ್ ಹಾಗೆ ಒಂದೇ ಸದ್ದು ಮಾಡಿ ಸುಮ್ಮನಾಗುವುದಿಲ್ಲ. ಅಲ್ಲಲ್ಲಿ ತಾಗಿ, ಕೆಳಗೆ ಬಿದ್ದು, ಒಂದಷ್ಟು ಉರುಳಿ ನಿಲ್ಲುತ್ತದೆ. ಇದು ಕಿವಿಗೆ ಆಗಲೇ ಗೊತ್ತಾಗಿತ್ತು. ಆದರೂ ನೆಲ ಹುಡುಕಿದೆ, ಬ್ಯಾಟರಿಯ ಹಿಂದೆ ಹುಡುಕಿದೆ, ಸಿಗದಿದ್ದಾಗ ಎಂಜಿನ್ನಿನ ಅಡಿಯಲ್ಲಿರುವ ಪ್ಲಾಸ್ಟಿಕ್ ತಟ್ಟೆಯೊಳಗೆ ಎಲ್ಲೋ ಕೂತಿರಬೇಕು ಎಂದು ತೀರ್ಮಾನಿಸಿದೆ. ಆ ತಟ್ಟೆಯಲ್ಲಿ ಹಿಂದೆಯೂ ನನ್ನ ಎಷ್ಟೋ ನಟ್ಟುಗಳು ಸಿಕ್ಕಿದ್ದರಿಂದ ಊಹೆ ಸಹಜವೇ ಆಗಿತ್ತು. ಆದರೆ ತಟ್ಟೆ ಬಿಚ್ಚಿ ನೋಡಲಿಲ್ಲ. ಅಂಥದ್ದೇ ವಾಷರ್ ಡಬ್ಬಿಯಲ್ಲಿ ಹತ್ತಾರು ಇದ್ದವು. ಒಂದನ್ನು ತೆಗೆದು ಹಾಕಿ ಮುಂದುವರಿದೆ. ಬದಲಿ ವಾಷರ್ ಕೈಗೆ ಸುಲಭವಾಗಿ ಸಿಗದಿದ್ದರೆ ನಾನು ಖಂಡಿತ ಇನ್ನಷ್ಟು ಹುಡುಕುತ್ತಿದ್ದೆ ಎಂದು ಈಗ ಅನಿಸುತ್ತದೆ.

ಇಲ್ಲೊಂದು ಅಳತೆಯ ಲೆಕ್ಕವನ್ನು ಎಲ್ಲರೂ ನೆನಪಿಡಬೇಕು. 6 ಮಿ.ಮೀ. ಬೋಲ್ಟಿನ ಸಾಮಾನ್ಯ ವಾಷರ್‌ನ ಹೊರವ್ಯಾಸ 12 ಮಿ.ಮೀ., ದಪ್ಪ 1.6 ಮಿ.ಮೀ. ಬಹುಪಾಲು ಕಾರುಗಳಲ್ಲಿ ಕಾಣುವ 14 ಮಿ.ಮೀ. ಸ್ಪಾರ್ಕ್ ಪ್ಲಗ್‌ನ ರಂಧ್ರ ಥ್ರೆಡ್‌ಗಳ ಒಳತುದಿಯಲ್ಲಿ ಅಳೆದರೂ 12 ಮಿ.ಮೀ.ಗಿಂತ ತುಸು ಹೆಚ್ಚೇ ಇರುತ್ತದೆ. ಅಂದರೆ ವಾಷರ್ ಮಲಗಿಯೇ ಬಿದ್ದರೂ ಹೇಗೋ ನುಸುಳುತ್ತದೆ, ನಿಂತು ಬಿದ್ದರಂತೂ ತಡೆಯೇ ಇಲ್ಲ. ಪಿಸ್ಟನ್ ಮೇಲಕ್ಕೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಸಂದು ಹಲವು ಎಂಜಿನ್‌ಗಳಲ್ಲಿ ಸುಮಾರು 1 ಮಿ.ಮೀ. ಮಾತ್ರ. ಅಲ್ಲಿ 1.6 ಮಿ.ಮೀ. ಉಕ್ಕು ಇದ್ದರೆ ಪೆಟ್ಟು ತಪ್ಪಿದ್ದಲ್ಲ.

ವಾಷರ್ ಒಳಗೆ ಬಿದ್ದದ್ದು ತಿಳಿಯದೆ ಕವರನ್ನು ಬಿಗಿಯಲು ತೊಡಗಿದೆ. ಕೈಪಿಡಿ ಹೇಳಿದ ಬಿಗಿ 10 ನ್ಯೂಟನ್ ಮೀಟರ್, ನಡುವಿನಿಂದ ಆರಂಭಿಸಿ ಹೊರಗಿನ ಅಂಚಿನ ಕಡೆಗೆ. ನನ್ನ ಬಳಿ ಇದ್ದದ್ದು 20ರಿಂದ 200ರವರೆಗಿನ ಗುರುತುಗಳಿರುವ, ಚಕ್ರದ ಬೋಲ್ಟ್‌ಗಳಿಗೆಂದು ಕೊಂಡ ಟಾರ್ಕ್ ರೆಂಚ್, ಅಂದರೆ ಗೊತ್ತುಮಾಡಿದಷ್ಟು ಬಿಗಿಯಾದಾಗ ಟಕ್ ಎನ್ನುವ ಸ್ಪಾನರ್. ಅದರ ಹಿಡಿಯನ್ನು ಕೆಳಗಿನ ಗುರುತಿಗಿಂತಲೂ ಕೆಳಕ್ಕೆ ಸಡಿಲಿಸಿ, ಅಂದಾಜಿಗೆ 10 ಆಗಿರಬಹುದೆಂದು ಬಳಸಿದೆ. ಇಂಥ ಉಪಕರಣ ತನ್ನ ವ್ಯಾಪ್ತಿಯ ಕೆಳತುದಿಯಲ್ಲೇ ನೆಚ್ಚುವಂತಿರುವುದಿಲ್ಲ. ವ್ಯಾಪ್ತಿಯ ಹೊರಗಂತೂ ಅದು ಬರಿಯ ಉದ್ದ ಹಿಡಿಯ ಸ್ಪಾನರ್. ಸಾಲದ್ದಕ್ಕೆ ಬೋಲ್ಟ್‌ನ ಥ್ರೆಡ್‌ಗಳಲ್ಲಿ ಆಯಿಲ್ ಇತ್ತು. ಥ್ರೆಡ್ ಒಣಗಿದ್ದಾಗ ಹೇಳಿದ ಬಿಗಿಯನ್ನೇ ಆಯಿಲ್ ಹಚ್ಚಿದ ಬೋಲ್ಟಿಗೆ ಕೊಟ್ಟರೆ ಘರ್ಷಣೆ ಕಡಿಮೆಯಾಗಿ ಬೋಲ್ಟ್ ಹೆಚ್ಚು ಎಳೆತಕ್ಕೆ ಒಳಗಾಗುತ್ತದೆ. ಏಳನೆಯ ಬೋಲ್ಟಿನಲ್ಲಿ ಟಕ್ ಎಂಬ ಸದ್ದಿಗೆ ಕಾಯುತ್ತಿದ್ದೆ. ಸರಿಯಾಗಿ ಹಿಡಿಯುವ ಬೋಲ್ಟಿನ ಬಿಗಿ ತಿರುಗಿಸಿದಷ್ಟೂ ಏರುತ್ತದೆ. ಇದರದು ಏರಿ, ಆಮೇಲೆ ಮೆತ್ತಗಾಯಿತು, ಬೆಲ್ಲದ ಪಾಕದೊಳಗೆ ಸೌಟು ತಿರುಗಿದ ಹಾಗೆ. ಲೋಹ ಹಿಗ್ಗತೊಡಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇರೆ ಇಲ್ಲ, ಮತ್ತು ಆ ಕ್ಷಣದಲ್ಲಿ ಕೈಬಿಟ್ಟಿದ್ದರೆ ಬೋಲ್ಟನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ ತೆಗೆಯಬಹುದಾಗಿತ್ತು. ಸದ್ದು ಇನ್ನೂ ಬಂದಿಲ್ಲವಲ್ಲ ಎಂದು ಕಾಲು ಸುತ್ತು ಹೆಚ್ಚಿಗೆ ಎಳೆದೆ. ಬೋಲ್ಟಿನ ತಲೆ ಕೈಗೆ ಬಂತು, ದೇಹ ಅಲ್ಯೂಮಿನಿಯಂ ಹೆಡ್ಡಿನಲ್ಲೇ ಉಳಿಯಿತು.

ಮುರಿದ ತುಂಡನ್ನು ತೆಗೆಯಲು ಹೋಗಿ ಮಾಡಿಕೊಂಡ ಹಾನಿ ಇನ್ನೂ ದೊಡ್ಡದು. ತುಂಡಿನ ನಡುವೆ ರಂಧ್ರ ಕೊರೆದು ಎಡಸುತ್ತಿನ ಎಕ್ಸ್‌ಟ್ರ್ಯಾಕ್ಟರ್ ಹೊಗಿಸಿ ತಿರುಗಿಸಿದರೆ ತುಂಡು ಹೊರಬರುತ್ತದೆ ಎಂಬುದು ನಿಜ. ಆದರೆ 6 ಮಿ.ಮೀ. ಬೋಲ್ಟಿಗೆ ಹಿಡಿಸುವ ಎಕ್ಸ್‌ಟ್ರ್ಯಾಕ್ಟರ್ ತೀರ ಸಣ್ಣದು. ಗಡಸು ಉಕ್ಕಿನದಾದ್ದರಿಂದ ಬಾಗುವುದಿಲ್ಲ, ಸೀದಾ ಮುರಿಯುತ್ತದೆ. ನನ್ನದೂ ಮುರಿಯಿತು. ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಜಾರಿ ಪಕ್ಕದ ಮೆತ್ತನೆಯ ಅಲ್ಯೂಮಿನಿಯಂ ಅನ್ನು ತಿನ್ನತೊಡಗಿದಾಗ ನಿಲ್ಲಿಸಿದೆ. ಕೊನೆಗೆ ಆ ತುಂಡನ್ನು ಗ್ಯಾರೇಜಿನವರು ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಯಂತ್ರದಲ್ಲಿ ತೆಗೆಸಬೇಕಾಯಿತು. ಬೋಲ್ಟ್ ಮುರಿದ ಕೂಡಲೇ ಕೆಲಸ ನಿಲ್ಲಿಸಿ ಅವರಿಗೆ ಒಪ್ಪಿಸಿದ್ದರೆ ಅದು ಸಣ್ಣ ರಿಪೇರಿಯಾಗಿ ಮುಗಿಯುತ್ತಿತ್ತು, ಸಿಲಿಂಡರಿನೊಳಗಿನ ವಾಷರ್ ಕೂಡ ಯಾರದಾದರೂ ಕಣ್ಣಿಗೆ ಬೀಳುತ್ತಿತ್ತೋ ಏನೋ.

ಪ್ಲಗ್‌ಗಳ ವಿಷಯದಲ್ಲಿ ಮಾತ್ರ ನಾನು ಎಚ್ಚರವಾಗಿದ್ದೆ. ಹಿಂದೊಮ್ಮೆ ಸ್ಕೂಟರಿನ ಪ್ಲಗ್ ಓರೆಯಾಗಿ ಹತ್ತಿಸಿ ಥ್ರೆಡ್ ಕೆಡಿಸಿಕೊಂಡ ಮೇಲೆ, ಪ್ಲಗ್‌ನ ಮೇಲ್ತುದಿಗೆ ಒಂದು ತುಂಡು ರಬ್ಬರ್ ಕೊಳವೆ ಸಿಕ್ಕಿಸಿ ಅದರಿಂದಲೇ ತಿರುಗಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಓರೆಯಾದರೆ ಕೊಳವೆಯೇ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ನಾಲ್ಕೂ ಪ್ಲಗ್ ಬೆರಳ ಬಲದಲ್ಲೇ ತಳ ಮುಟ್ಟಿದವು, ಕೈಪಿಡಿ ಹೇಳಿದ 25 ನ್ಯೂಟನ್ ಮೀಟರ್ ಬಿಗಿ ಕೊಟ್ಟೆ. ವಿಪರ್ಯಾಸವೆಂದರೆ ಇಷ್ಟು ಜೋಪಾನವಾಗಿ ಮಾಡಿದ ಈ ಕೆಲಸದಿಂದಲೇ ವಾಷರ್ ಒಳಗೆ ಭದ್ರವಾಗಿ ಮುಚ್ಚಿಹೋಯಿತು.

ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ಬೋಲ್ಟ್ ಮುರಿದ ಸಿಟ್ಟು, ಬೆನ್ನುನೋವು, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ದಣಿದ ದವಡೆ. ಒಂದು ಬೋಲ್ಟ್ ಇಲ್ಲದಿದ್ದರೂ ಎಂಜಿನ್ ಹತ್ತಿಸಿ ನೋಡಿ ಮಲಗೋಣ ಎನಿಸಿತು. ಹಾಗಿದ್ದೂ ಅಭ್ಯಾಸಬಲದಿಂದ ಮೊದಲು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪಾನರ್ ಕೊಟ್ಟು ಎಂಜಿನ್ನನ್ನು ಕೈಯಿಂದ ತಿರುಗಿಸಿದೆ. ಒಂದು ಕಡೆ ಸ್ಪಾನರ್ ನಿಂತಿತು. ಹಿಂದಕ್ಕೆ ತಂದು ಮತ್ತೆ ತಿರುಗಿಸಿದರೆ ಮತ್ತದೇ ಕೋನದಲ್ಲಿ ನಿಂತಿತು. ಪ್ಲಗ್ ಹಾಕಿದ್ದೇನಲ್ಲ, ಇದು ಕಂಪ್ರೆಷನ್, ಸಿಲಿಂಡರಿನೊಳಗೆ ಅದುಮಿದ ಗಾಳಿಯ ತಡೆ ಎಂದು ಸಮಾಧಾನ ಹೇಳಿಕೊಂಡೆ. ಕಂಪ್ರೆಷನ್ನಿನ ತಡೆ ಹೇಗಿರುತ್ತದೆ ಎಂಬುದು ನನ್ನ ಕೈಗೆ ಚೆನ್ನಾಗಿ ಗೊತ್ತಿತ್ತು: ಅದು ಗಾಳಿ ತುಂಬಿದ ಚೆಂಡನ್ನು ಅದುಮಿದಂತೆ ಹಿಂದಕ್ಕೆ ದೂಡುತ್ತದೆ, ಬಲವನ್ನು ಹಾಗೇ ಹಿಡಿದು ಕೆಲವು ಕ್ಷಣ ಕಾದರೆ ಗಾಳಿ ಸೋರಿ ಸ್ಪಾನರ್ ತಾನಾಗಿ ಮುಂದಕ್ಕೆ ಜರಗುತ್ತದೆ. ಇದು ಜರಗಲಿಲ್ಲ, ದೂಡಲೂ ಇಲ್ಲ, ಕಲ್ಲಿಗೆ ತಾಗಿದಂತೆ ನಿಂತಿತು. ಪ್ಲಗ್‌ಗಳನ್ನು ಮತ್ತೆ ಬಿಚ್ಚಿ ತಿರುಗಿಸಿದ್ದರೆ ಕಂಪ್ರೆಷನ್ ಇರುತ್ತಿರಲಿಲ್ಲ, ಅನುಮಾನವೂ ಉಳಿಯುತ್ತಿರಲಿಲ್ಲ. ಅದಕ್ಕೆ ಹತ್ತು ನಿಮಿಷ ಸಾಕಾಗಿತ್ತು. ನಾನು ಹೋಗಿ ಕೀಲಿ ತಿರುಗಿಸಿದೆ.

ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ನಿಮಿಷಕ್ಕೆ ಸುಮಾರು 200 ಸುತ್ತಿನ ವೇಗದಲ್ಲಿ ತಿರುಗಿಸುತ್ತದೆ. ಪ್ರತಿ ಸುತ್ತಿಗೂ ಪಿಸ್ಟನ್ ಒಮ್ಮೆ ಮೇಲಕ್ಕೆ ಬರುವುದರಿಂದ ನಾನು ಕೀಲಿ ಹಿಡಿದಿದ್ದ ಐದು ಸೆಕೆಂಡುಗಳಲ್ಲಿ ಅದು ಹದಿನೈದಕ್ಕೂ ಹೆಚ್ಚು ಸಲ ಹೆಡ್ಡಿನ ಬಳಿಗೆ ಬಂದಿದೆ. ಸುತ್ತಿಗೆಯಿಂದ ಬಡಿದಂಥ ಸದ್ದು ಕೇಳಿ ಬಿಟ್ಟೆ. ಮರುದಿನ ಕಂಪ್ರೆಷನ್ ಪರೀಕ್ಷೆ ಮಾಡಿಸಿದಾಗ ಮೂರು ಸಿಲಿಂಡರುಗಳಲ್ಲಿ 12 ಬಾರ್ ಒತ್ತಡ ಬಂದರೆ ಎರಡನೆಯದರಲ್ಲಿ 2 ಕೂಡ ಬರಲಿಲ್ಲ. ಹೆಡ್ ಬಿಚ್ಚಿದಾಗ ಪಿಸ್ಟನ್ನಿನ ತಲೆಯ ಮೇಲೂ ಹೆಡ್ಡಿನ ಒಳಮೈ ಮೇಲೂ ಅರ್ಧಚಂದ್ರದ ಆಕಾರದ ಗಾಯಗಳಿದ್ದವು. ವಾಷರ್, ಹೊಗೆ ಹೊರಬಿಡುವ ಒಂದು ಎಕ್ಸಾಸ್ಟ್ ವಾಲ್ವಿನ ಅಂಚಿಗೆ ಸಿಕ್ಕಿ ಅದನ್ನು ಮುಚ್ಚಲು ಬಿಡದೆ, ಪಿಸ್ಟನ್ ಬಡಿದು ವಾಲ್ವ್ ಬಾಗಿತ್ತು. ಸಿಲಿಂಡರಿನ ಗೋಡೆಗೆ ಗೀರು ಬಿದ್ದಿರಲಿಲ್ಲ ಎಂಬುದೊಂದೇ ಭಾಗ್ಯ. ಆ ಎಂಜಿನ್ನಿನ ಹೆಡ್ ಬೋಲ್ಟ್‌ಗಳು ಬಿಗಿಯುವಾಗಲೇ ಹಿಗ್ಗುವ ಬಗೆಯವಾದ್ದರಿಂದ ಅವನ್ನು ಮತ್ತೆ ಬಳಸುವಂತಿರಲಿಲ್ಲ. ಹೆಡ್ ಗ್ಯಾಸ್ಕೆಟ್‌ನ ಜೊತೆಗೆ ಅವೂ ಹೊಸವು ಬೇಕಾದವು.

ಇದರಲ್ಲಿ ನನ್ನನ್ನು ಹೆಚ್ಚು ಚುಚ್ಚುವ ಸಂಗತಿ, ಆ ವಾಷರ್ ಸಾದಾ ಉಕ್ಕಿನದಾಗಿತ್ತು ಎಂಬುದು. ತುದಿಗೆ ಆಯಸ್ಕಾಂತವಿರುವ, ಎಳೆದಷ್ಟೂ ಉದ್ದವಾಗುವ ಕಡ್ಡಿಯೊಂದು ನನ್ನ ಟೂಲ್ ಬಾಕ್ಸಿನಲ್ಲೇ ಇತ್ತು. ಪ್ಲಗ್ ರಂಧ್ರದಿಂದ ಇಳಿಬಿಟ್ಟಿದ್ದರೆ ವಾಷರ್ ಅಂಟಿಕೊಂಡು ಬರುತ್ತಿತ್ತು. ಅಲ್ಯೂಮಿನಿಯಂ, ಹಿತ್ತಾಳೆ, ಬಹುತೇಕ ಸ್ಟೇನ್‌ಲೆಸ್ ಸ್ಟೀಲ್ ವಾಷರ್‌ಗಳು ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅವು ಬಿದ್ದರೆ ಕಡ್ಡಿಯ ತುದಿಗೆ ಗಟ್ಟಿ ಗ್ರೀಸ್ ಹಚ್ಚಿ ಎತ್ತಲು ನೋಡಬೇಕು, ಇಲ್ಲವೇ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳು ಕೊಳವೆ ಕಟ್ಟಿ ಹೀರಬೇಕು. ಆದರೆ ಸಿಲಿಂಡರಿನಲ್ಲಿ ಪೆಟ್ರೋಲಿನ ಹಸಿ ಅಥವಾ ವಾಸನೆ ಇದ್ದರೆ ವ್ಯಾಕ್ಯೂಮ್ ಕ್ಲೀನರ್ ಬಳಸಲೇಬಾರದು, ಅದರ ಮೋಟಾರಿನ ಕಿಡಿಗೆ ಆವಿ ಹೊತ್ತಿಕೊಳ್ಳಬಹುದು. ಮೊಬೈಲಿಗೆ ಜೋಡಿಸುವ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾ ಪ್ಲಗ್ ರಂಧ್ರದಲ್ಲಿ ಸುಲಭವಾಗಿ ಇಳಿಯುತ್ತದೆ. ನಾಲ್ಕೂ ಸಿಲಿಂಡರನ್ನು ಅದರಿಂದ ನೋಡುವವರೆಗೆ ಕೈಯಿಂದಲೂ ಎಂಜಿನ್ ತಿರುಗಿಸಬಾರದು, ಏಕೆಂದರೆ ಕಾಲು ಸುತ್ತಿನಲ್ಲೇ ವಾಷರ್ ವಾಲ್ವಿನ ಸಂದಿಗೆ ಸರಿದುಹೋಗಬಹುದು.

ಮೈಗೆ ಆದ ಗಾಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪಾನರನ್ನು ದೂಡಿದ್ದರಿಂದ ಅದು ಜಾರಿ ಗೆಣ್ಣುಗಳು ಸಿಪ್ಪೆ ಸುಲಿದವು. ನಮ್ಮ ಕಡೆಗೆ ಎಳೆಯುವಂತೆ ಹಿಡಿಯುವುದು ಲೇಸು. ಎಂಜಿನ್ ಆಫ್ ಆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗತೊಡಗಬಹುದು, ಆದ್ದರಿಂದ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲೇ ಬಿಚ್ಚಿಡಬೇಕು. ಕೆಳಗಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಲು ಕಾರಿನಡಿ ನುಗ್ಗುವವರು ಬರಿಯ ಜಾಕನ್ನು ನಂಬಬಾರದು, ಸ್ಟ್ಯಾಂಡ್ ಕೊಟ್ಟೇ ಇಳಿಯಬೇಕು.

ಈಗ ಬಿಚ್ಚಿದ ಬೋಲ್ಟ್, ವಾಷರ್‌ಗಳನ್ನು ಎಣಿಸಿ ಪ್ರತ್ಯೇಕ ಬಟ್ಟಲಿನಲ್ಲಿಡುತ್ತೇನೆ, ಬದಲಿ ವಾಷರ್‌ಗಳ ಡಬ್ಬಿಯನ್ನು ಕೆಲಸದ ಜಾಗಕ್ಕೆ ತರುವುದಿಲ್ಲ. ತೆರೆದ ರಂಧ್ರಗಳಿಗೆಲ್ಲ ಬಟ್ಟೆ ತುರುಕುತ್ತೇನೆ. ಆ ಬಟ್ಟೆಯೇ ಮರೆತು ಒಳಗೆ ಉಳಿದರೆ ಇನ್ನೊಂದು ಅನಾಹುತವಾದ್ದರಿಂದ, ಎಷ್ಟು ತುಂಡು ತುರುಕಿದ್ದೇನೆ ಎಂಬುದನ್ನು ಒಂದು ಟೇಪಿನ ಮೇಲೆ ಬರೆದು ಕೀಲಿ ಹಾಕುವ ಕಿಂಡಿಗೆ ಅಂಟಿಸಿರುತ್ತೇನೆ; ಅಷ್ಟೂ ತುಂಡುಗಳು ಹೊರಗೆ ಬಂದ ಮೇಲೆಯೇ ಅದನ್ನು ಕೀಳುವುದು.