ಅಡಿಕೆ ಸುಲಿಯುವ ಚಪ್ಪರದಿಂದ ಕಂಡ ಕಿರಿಯರ ಐಸ್ ಹಾಕಿ: ನೇರಪ್ರಸಾರ ಸೇವೆಯೊಂದರ ವಿಮರ್ಶೆ

ಡಿಸೆಂಬರ್ ಕೊನೆಯ ವಾರ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಯಾರೂ ಬೇಗ ಮಲಗುವುದಿಲ್ಲ. ಕೊನೆ ಇಳಿಸಿ ತಂದ ಹಸಿ ಅಡಿಕೆಯನ್ನು ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ, ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಹನ್ನೆರಡರವರೆಗೂ ಸುಲಿಯುವುದು, ಬೆಳಗಿನ ಜಾವಕ್ಕೆ ಎದ್ದು ಬೇಯಿಸುವ ಹಂಡೆಗೆ ಬೆಂಕಿ ಹಾಕುವುದು ನಮ್ಮಲ್ಲಿ ವಾಡಿಕೆ. ಈ ಎರಡೂ ಹೊತ್ತಿಗೆ ಸರಿಯಾಗಿ ಹೊಂದುವ ಆಟವೊಂದು ಒಟ್ಟಾವಾ ನಗರದಲ್ಲಿ ನಡೆಯುತ್ತಿದೆಯೆಂದು ತಿಳಿಸಿದವನು ಅಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ. ಕೆನಡಾದ ಆ ರಾಜಧಾನಿ ಚಳಿಗಾಲದಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಆರಂಭವಾಗುವ ಪಂದ್ಯ ನಮಗೆ ರಾತ್ರಿ ಹತ್ತೂವರೆಗೆ ಸಿಗುತ್ತದೆ, ಸಂಜೆ ಏಳೂವರೆಯದು ಮರುದಿನ ಬೆಳಿಗ್ಗೆ ಸರಿಯಾಗಿ ಆರಕ್ಕೆ.

ಪಂದ್ಯಾವಳಿಯೆಂದರೆ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ನಡೆಸುವ, ಇಪ್ಪತ್ತು ವರ್ಷದೊಳಗಿನ ಹುಡುಗರ ವಿಶ್ವ ಚಾಂಪಿಯನ್‌ಷಿಪ್. 1977ರಿಂದ ಅಧಿಕೃತವಾಗಿ ನಡೆಯುತ್ತಿರುವ ಈ ಕೂಟ ಸಾಮಾನ್ಯವಾಗಿ ಕ್ರಿಸ್‌ಮಸ್ಸಿನ ಮರುದಿನ ಆರಂಭವಾಗಿ ಹೊಸವರ್ಷದ ಮೊದಲ ವಾರ ಮುಗಿಯುತ್ತದೆ. ನಾನು ನೋಡಿದ್ದು 2024ರ ಡಿಸೆಂಬರ್ 26ರಿಂದ 2025ರ ಜನವರಿ 5ರವರೆಗಿನ ಆವೃತ್ತಿ. ಅದನ್ನು ತೋರಿಸಿದ್ದು ನಾವು ಇಡೀ ಕೂಟಕ್ಕೆಂದು ಒಮ್ಮೆಗೇ ಹಣ ಕಟ್ಟಿ ಪಡೆದ ನೇರಪ್ರಸಾರ ಸೇವೆ. ಈ ವಿಮರ್ಶೆ ಆ ಸೇವೆಯದು. ಆದರೆ ಅದು ಏನನ್ನು ತೋರಿಸುತ್ತದೆಂಬುದನ್ನು ಹೇಳದೆ ಹೇಗೆ ತೋರಿಸುತ್ತದೆಂದು ಹೇಳಿದರೆ ಓದುವವರಿಗೆ ಪ್ರಯೋಜನವಾಗದು.

ಹತ್ತು ದೇಶಗಳು ಐದೈದರ ಎರಡು ಗುಂಪುಗಳಲ್ಲಿ ಆಡುತ್ತವೆ. ಪ್ರತಿ ಗುಂಪಿನಿಂದ ನಾಲ್ಕು ತಂಡ ಕ್ವಾರ್ಟರ್ ಫೈನಲ್‌ಗೆ ಹೋಗುತ್ತವೆ, ಕೊನೆಯಲ್ಲಿ ಉಳಿದವರಲ್ಲಿ ಸೋತವರು ಮುಂದಿನ ವರ್ಷ ಕೆಳಗಿನ ದರ್ಜೆಗೆ ಇಳಿಯುತ್ತಾರೆ. ಇಪ್ಪತ್ತು ನಿಮಿಷಗಳ ಮೂರು ಅವಧಿ, ಒಂದು ಕಡೆಗೆ ಗೋಲ್‌ಕೀಪರ್ ಸೇರಿ ಆರು ಜನ. ನಿಗದಿತ ಸಮಯದಲ್ಲೇ ಗೆದ್ದರೆ ಮೂರು ಅಂಕ, ಹೆಚ್ಚುವರಿ ಅವಧಿಯಲ್ಲಿ ಅಥವಾ ಶೂಟೌಟ್‌ನಲ್ಲಿ ಗೆದ್ದರೆ ಎರಡು, ಹಾಗೆ ಸೋತವರಿಗೂ ಒಂದು. ಇಷ್ಟು ಗೊತ್ತಿದ್ದರೆ ಮೊದಲ ದಿನ ನೋಡಲು ಸಾಕು.

ಮೊದಲ ರಾತ್ರಿ ಚಪ್ಪರದಲ್ಲಿ ಟಿವಿ ಇಟ್ಟಾಗ ದೊಡ್ಡಪ್ಪ ಹೇಳಿದ ಮಾತು, ‘ಚೆಂಡು ಎಲ್ಲಿ ಹೋಯ್ತು ಅಂತ ಕಾಣೂದೇ ಇಲ್ಲ ಮಾರಾಯ.’ ಅದು ಹೊಸಬರೆಲ್ಲರ ತೊಂದರೆ. ಚೆಂಡಿನ ಬದಲು ಇಲ್ಲಿರುವುದು ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆ. ಅಗಲ ಏಳೂವರೆ ಸೆಂಟಿಮೀಟರಿಗೆ ತುಸು ಹೆಚ್ಚು, ದಪ್ಪ ಎರಡೂವರೆ ಸೆಂಟಿಮೀಟರು, ತೂಕ 156ರಿಂದ 170 ಗ್ರಾಂ. ಮಂಜಿನ ಮೇಲೆ ಪುಟಿಯದೆ ಜಾರಲೆಂದು ಆಟಕ್ಕೆ ಮುಂಚೆ ಅದನ್ನು ಹೆಪ್ಪುಗಟ್ಟುವ ಚಳಿಯಲ್ಲಿ ಇಟ್ಟಿರುತ್ತಾರೆ. ಅದನ್ನೇ ಹುಡುಕುತ್ತ ಕುಳಿತರೆ ಆಟ ಕೈತಪ್ಪುತ್ತದೆ. ಆಟಗಾರರ ಭುಜ ಯಾವ ಕಡೆ ತಿರುಗುತ್ತಿದೆಯೆಂದು ನೋಡಿದರೆ ಪಕ್ ತಾನಾಗಿ ಕಣ್ಣಿಗೆ ಬೀಳುತ್ತದೆ. ಎರಡನೆಯ ಪಂದ್ಯದ ಹೊತ್ತಿಗೆ ದೊಡ್ಡಪ್ಪನಿಗೆ ಇದು ಒಗ್ಗಿತು, ನನಗೆ ಮೂರನೆಯ ಪಂದ್ಯದವರೆಗೂ ಬೇಕಾಯಿತು.

ಪ್ರಸಾರದ ಬಹುದೊಡ್ಡ ಗುಣ ಇಲ್ಲಿಯೇ ಇದೆ. ಆಟ ನಡೆಯುತ್ತಿರುವಾಗ ಕ್ಯಾಮೆರಾ ಎತ್ತರದಿಂದ, ಸಾಕಷ್ಟು ಹಿಂದೆ ನಿಂತು, ಒಂದು ಬದಿಯ ಐವರನ್ನೂ ಒಟ್ಟಿಗೆ ತೋರಿಸುತ್ತದೆ. ಮುಖಗಳ ಹತ್ತಿರದ ಚಿತ್ರವನ್ನು ಸೀಟಿ ಊದಿದ ಮೇಲಷ್ಟೇ ಕೊಡುತ್ತಾರೆ. ಗೋಲಿನ ನೇರ ಮೇಲೆ ಇರುವ ಕ್ಯಾಮೆರಾ ಪಕ್ ಗೆರೆಯನ್ನು ಪೂರ್ತಿ ದಾಟಿತೋ ಇಲ್ಲವೋ ಎಂಬುದನ್ನು ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಬಿಡಿಸಿಡುತ್ತದೆ. ಧ್ವನಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸ್ಕೇಟಿನ ಅಲಗು ಮಂಜನ್ನು ಕೊರೆಯುವ ಸದ್ದು, ಸುತ್ತಲಿನ ಹಲಗೆಗೆ ಪಕ್ ಬಡಿಯುವ ಸದ್ದು, ಕೋಲಿಗೆ ಕೋಲು ತಾಗುವ ಸದ್ದು ಇವನ್ನು ವೀಕ್ಷಕ ವಿವರಣೆ ಮುಳುಗಿಸಿಬಿಡದಂತೆ ಜಾಗ್ರತೆ ವಹಿಸಿದ್ದಾರೆ. ಹತ್ತು ಮೆಟ್ಟುಗತ್ತಿಗಳ ಸದ್ದಿನ ನಡುವೆ ಕುಳಿತಿದ್ದ ನಮಗೂ ಅದು ಸ್ಪಷ್ಟವಾಗಿ ಕೇಳುತ್ತಿತ್ತು.

ಶಿವಮೊಗ್ಗದಲ್ಲಿ ಸಂಜೆಯ ರೋಲರ್ ಸ್ಕೇಟಿಂಗ್ ತರಗತಿಗೆ ಹೋಗುವ ನನ್ನ ತಮ್ಮನ ಮಗಳು ರಜೆಗೆ ಬಂದಿದ್ದಳು. ನಾವೆಲ್ಲ ಪಕ್ ಇರುವವನನ್ನು ನೋಡುತ್ತಿದ್ದರೆ ಅವಳು ನೋಡಿದ್ದು ಅವನನ್ನು ತಡೆಯುವವನನ್ನು. ‘ದೊಡ್ಡಪ್ಪ, ಅವ್ರು ಹಿಂದ್ಹಿಂದಕ್ಕೇ ಓಡ್ತಿದಾರೆ, ನೋಡಿ’ ಎಂದಳು. ನಿಜ. ಎದುರಾಳಿ ಪೂರ್ಣ ವೇಗದಲ್ಲಿ ನುಗ್ಗಿ ಬರುವಾಗ ರಕ್ಷಣಾ ಆಟಗಾರ ಅವನಿಗೆ ಬೆನ್ನು ತೋರಿಸದೆ, ಅವನ ಎದೆಯ ಮೇಲಿನಿಂದ ಕಣ್ಣು ತೆಗೆಯದೆ, ಒಂದು ಕಾಲನ್ನು ಇನ್ನೊಂದರ ಮೇಲಿಂದ ದಾಟಿಸುತ್ತ ಅಷ್ಟೇ ವೇಗದಲ್ಲಿ ಹಿಮ್ಮುಖವಾಗಿ ಸರಿಯುತ್ತಾನೆ. ಕೋಲನ್ನು ಒಂದೇ ಕೈಯಲ್ಲಿ ಮುಂದಕ್ಕೆ ಚಾಚಿ, ಬಂದವನನ್ನು ಮೆಲ್ಲಮೆಲ್ಲನೆ ಹಲಗೆಯ ಕಡೆಗೆ ದೂಡಿಕೊಂಡು ಹೋಗುತ್ತಾನೆ. ಹದಿನೆಂಟು ಹತ್ತೊಂಬತ್ತರ ಹುಡುಗರು ಇದನ್ನು ನಡೆದಾಡಿದಷ್ಟು ಸಲೀಸಾಗಿ ಮಾಡುವುದನ್ನು ಕಂಡ ಮೇಲೆ, ಗೋಲುಗಳ ತುಣುಕುಗಳನ್ನಷ್ಟೇ ನೋಡಿ ತೃಪ್ತರಾಗುವವರು ಆಟದ ಅರ್ಧವನ್ನು ಕಳೆದುಕೊಳ್ಳುತ್ತಾರೆಂದು ನನಗೆ ಮನವರಿಕೆಯಾಯಿತು.

ಇನ್ನೊಂದು ಸಂಗತಿ ನಮ್ಮ ಚಪ್ಪರದವರಿಗೆ ವಿವರಣೆಯಿಲ್ಲದೆಯೇ ಅರ್ಥವಾಯಿತು. ಒಬ್ಬ ಆಟಗಾರ ಮಂಜಿನ ಮೇಲೆ ಒಂದು ಸಲಕ್ಕೆ ಇರುವುದು ಮುಕ್ಕಾಲು ನಿಮಿಷದ ಆಸುಪಾಸು. ಆಟ ನಿಲ್ಲದೆಯೇ ಅವನು ಬೇಲಿ ಹಾರಿ ಬೆಂಚಿಗೆ ಬರುತ್ತಾನೆ, ಇನ್ನೊಬ್ಬ ಹಾರಿ ಒಳಗೆ ಹೋಗುತ್ತಾನೆ. ದಣಿದವನನ್ನು ಒಳಗೇ ಉಳಿಸಿಕೊಂಡ ತಂಡ ಮರುಕ್ಷಣವೇ ಪೆಟ್ಟು ತಿನ್ನುತ್ತದೆ. ಮುಯ್ಯಾಳಿನ ಲೆಕ್ಕದಲ್ಲಿ ಕೆಲಸ ಮಾಡಿದವರಿಗೆ ಸರದಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಈ ಸೇವೆಗೆ ಕೊಟ್ಟ ಹಣವೆಲ್ಲ ಒಂದೇ ಪಂದ್ಯದಲ್ಲಿ ಹಿಂದಿರುಗಿತೆಂದು ನಾನು ಹೇಳುವುದಾದರೆ, ಅದು ನಮ್ಮ ಲೆಕ್ಕದಲ್ಲಿ ಡಿಸೆಂಬರ್ 28ರ ಬೆಳಿಗ್ಗೆ ಆರಕ್ಕೆ ಆರಂಭವಾದ ಕೆನಡಾ ಮತ್ತು ಲಾಟ್ವಿಯಾ ನಡುವಿನ ಗುಂಪು ಪಂದ್ಯ. ಲಾಟ್ವಿಯಾದ ಜನಸಂಖ್ಯೆ ಇಪ್ಪತ್ತು ಲಕ್ಷವನ್ನೂ ಮುಟ್ಟುವುದಿಲ್ಲ; 2011ರ ಜನಗಣತಿಯಂತೆ ನಮ್ಮ ಶಿವಮೊಗ್ಗ ಜಿಲ್ಲೆಯೊಂದರಲ್ಲೇ ಹದಿನೇಳೂವರೆ ಲಕ್ಷ ಜನರಿದ್ದರು. ಎದುರಿಗಿದ್ದದ್ದು ಈ ಆಟವನ್ನು ತನ್ನದೆಂದು ಭಾವಿಸುವ ದೇಶ, ಅದೂ ತನ್ನ ರಾಜಧಾನಿಯಲ್ಲಿ, ತನ್ನ ಜನರ ಮುಂದೆ, ಹಿಂದಿನ ದಿನವಷ್ಟೇ ಫಿನ್ಲೆಂಡನ್ನು 4–0ರಿಂದ ಸೋಲಿಸಿ ಬಂದ ತಂಡ. ಕೆನಡಾದ ಹುಡುಗರು ಗೋಲಿನತ್ತ ಹೊಡೆಯುತ್ತಲೇ ಇದ್ದರು. ಲಾಟ್ವಿಯಾದ ಗೋಲ್‌ಕೀಪರ್ ಲಿನಾರ್ಡ್ಸ್ ಫೆಲ್ಡ್‌ಬರ್ಗ್ಸ್ ಅವುಗಳಲ್ಲಿ 55 ಹೊಡೆತಗಳನ್ನು ತಡೆದ.

ಅವನು ಹೇಗೆ ತಡೆಯುತ್ತಿದ್ದನೆಂಬುದನ್ನು ಪ್ರಸಾರ ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿತು, ಮತ್ತು ನಾನು ಆಟವನ್ನು ಕಲಿತದ್ದು ಆ ಚಿತ್ರಗಳಿಂದ. ನಾವು ಶಾಲೆಯಲ್ಲಿ ಆಡಿದ, ಕೊಡಗಿನವರು ಮನೆತನಗಳ ನಡುವೆ ಹಬ್ಬವಾಗಿ ಆಡುವ ಮೈದಾನದ ಹಾಕಿಯಲ್ಲಿ ಗೋಲಿನ ಅಗಲ 3.66 ಮೀಟರು. ಇಲ್ಲಿ ಅದರ ಅರ್ಧ, 1.83 ಮೀಟರು, ಎತ್ತರ 1.22 ಮೀಟರು. ಗೋಲ್‌ಕೀಪರ್ ಗೆರೆಯ ಮೇಲೆಯೇ ನಿಂತರೆ ಹೊಡೆಯುವವನಿಗೆ ಎರಡೂ ಬದಿಯಲ್ಲಿ ಬಲೆ ಕಾಣುತ್ತದೆ. ಒಂದು ಹೆಜ್ಜೆ ಮುಂದೆ ಬಂದು ನಿಂತರೆ ಅವನ ಮೈಯೇ ಬಲೆಯನ್ನು ಮರೆಮಾಡುತ್ತದೆ. ಫೆಲ್ಡ್‌ಬರ್ಗ್ಸ್ ಪ್ರತಿ ಸಲವೂ ಹೊಡೆತಕ್ಕೆ ಮೊದಲೇ ಆ ಹೆಜ್ಜೆಯನ್ನು ಮುಂದಿಟ್ಟು, ಭುಜಗಳನ್ನು ಪಕ್ಕಿಗೆ ನೇರವಾಗಿ ತಿರುಗಿಸಿ, ಮಂಡಿಗಳನ್ನು ಒಟ್ಟಿಗೆ ಮಂಜಿಗೆ ಇಳಿಸಿ ಪಾದಗಳನ್ನು ಎರಡೂ ಬದಿಗೆ ಚಾಚುತ್ತಿದ್ದ. ಹೊಡೆತ ಬಂದು ಅವನಿಗೆ ತಾಗುತ್ತಿತ್ತೇ ಹೊರತು ಅವನು ಅದರ ಹಿಂದೆ ಹಾರುತ್ತಿರಲಿಲ್ಲ.

ನಿಗದಿತ ಸಮಯ ಮುಗಿದಾಗ 2–2. ಒಂದು ಕಡೆಗೆ ಮೂವರೇ ಓಡಾಡುವ ಐದು ನಿಮಿಷದ ಹೆಚ್ಚುವರಿ ಅವಧಿಯಲ್ಲೂ ತೀರ್ಮಾನವಾಗಲಿಲ್ಲ. ಶೂಟೌಟ್ ಆರಂಭವಾಗುವ ಹೊತ್ತಿಗೆ ಹೊರಗೆ ಮಂಜು ತುಸು ಕರಗಿ ತೋಟದ ಮೊದಲ ಸಾಲು ಕಾಣುತ್ತಿತ್ತು. ಹಂಡೆಯ ಕೆಳಗಿನ ಬೆಂಕಿ ನೋಡಬೇಕಾದವರೂ ಬಂದು ಟಿವಿಯ ಮುಂದೆ ನಿಂತಿದ್ದರು. ಒಬ್ಬೊಬ್ಬರಾಗಿ ಕೆನಡಾದವರು ಬಂದರು, ಒಬ್ಬೊಬ್ಬರನ್ನೂ ಫೆಲ್ಡ್‌ಬರ್ಗ್ಸ್ ಹಿಂದಕ್ಕೆ ಕಳುಹಿಸಿದ. ಆರನೆಯ ಸುತ್ತಿನಲ್ಲಿ ನಮ್ಮ ಪರದೆ ನಿಂತುಹೋಯಿತು.

ಕರೆಂಟ್ ಇತ್ತು, ಫೈಬರ್ ಸಂಪರ್ಕ ಸರಿಯಾಗಿತ್ತು, ಅದೇ ಹೊತ್ತಿನಲ್ಲಿ ತಮ್ಮನ ಮೊಬೈಲಿನಲ್ಲಿ ಬೇರೆ ವಿಡಿಯೊ ತಡೆಯಿಲ್ಲದೆ ಓಡುತ್ತಿತ್ತು. ನಿಂತದ್ದು ಸೇವೆಯವರ ಕಡೆಯಿಂದಲೇ. ಮೂರು ನಿಮಿಷದ ನಂತರ ಚಿತ್ರ ಮರಳಿದಾಗ ಲಾಟ್ವಿಯಾದ ಹುಡುಗರು ತಮ್ಮ ಗೋಲ್‌ಕೀಪರನ ಮೇಲೆ ರಾಶಿಯಾಗಿ ಬಿದ್ದಿದ್ದರು. ಎಂಟನೆಯ ಸುತ್ತಿನಲ್ಲಿ ಎರಿಕ್ಸ್ ಮಾಟೆಯ್ಕೊ ಹೊಡೆದ ಗೋಲನ್ನು ನಾವು ನೋಡಿದ್ದು ಮರುಪ್ರಸಾರದಲ್ಲಿ. ಇಂಥ ಪಂದ್ಯದ ಇಂಥ ಕ್ಷಣವನ್ನು ಹಣ ಕೊಟ್ಟವರಿಂದ ಕಸಿದುಕೊಳ್ಳುವುದು ಸಣ್ಣ ದೋಷವಲ್ಲ. ನಾನು ಅದೇ ದಿನ ದೂರು ಬರೆದೆ. ಕೂಟ ಮುಗಿದ ಮೇಲೆ ಬಂದ ಉತ್ತರದಲ್ಲಿ ವಿಷಾದದ ಎರಡು ಸಾಲು ಇತ್ತು, ಕಾರಣದ ಒಂದು ಸಾಲೂ ಇರಲಿಲ್ಲ.

ಎರಡನೆಯ ದೋಷ ದಿನನಿತ್ಯದ್ದು, ಹಾಗಾಗಿ ನನ್ನ ದೃಷ್ಟಿಯಲ್ಲಿ ಇನ್ನೂ ಹೆಚ್ಚಿನದು. ನಮಗೆ ನಡುರಾತ್ರಿ ದಾಟಿದ ಮೇಲೆ ಆರಂಭವಾಗುವ ಪಂದ್ಯಗಳನ್ನು ಮರುದಿನ ನೋಡೋಣವೆಂದು ತೆರೆದರೆ, ಮೊದಲ ಪುಟದಲ್ಲೇ ದೊಡ್ಡ ಅಕ್ಷರಗಳಲ್ಲಿ ಫಲಿತಾಂಶ ಎದುರಾಗುತ್ತದೆ. ಅಂಕ ಮರೆಮಾಡುವ ಸೌಲಭ್ಯ ಎಲ್ಲಿಯೂ ಸಿಗಲಿಲ್ಲ. ಹತ್ತೂವರೆ ಗಂಟೆ ದೂರದಲ್ಲಿರುವ ವೀಕ್ಷಕನನ್ನು ಗ್ರಾಹಕನೆಂದು ಒಪ್ಪಿಕೊಂಡ ಮೇಲೆ ಅವನ ರಾತ್ರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ನಿಯಮಗಳ ಸಣ್ಣ ಪರಿಚಯವೂ ಇಲ್ಲ. ಕ್ರಿಕೆಟ್ ನೋಡಿ ಬೆಳೆದ ನಮ್ಮವರು ಪವರ್ ಪ್ಲೇ ಎಂಬ ಮಾತನ್ನು ಕೇಳಿ ಇನ್ನೇನನ್ನೋ ಊಹಿಸಿಕೊಂಡಿದ್ದರು. ತಪ್ಪು ಮಾಡಿದವನನ್ನು ಎರಡು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಿಸಿ, ಅವನ ತಂಡ ಒಬ್ಬ ಕಡಿಮೆಯಿಟ್ಟುಕೊಂಡೇ ಆಡಬೇಕಾದಾಗ ಎದುರಾಳಿಗೆ ಸಿಗುವ ಅನುಕೂಲಕ್ಕೆ ಇಲ್ಲಿ ಆ ಹೆಸರೆಂದು ಅಕ್ಕನ ಮಗನೇ ಫೋನಿನಲ್ಲಿ ತಿಳಿಸಬೇಕಾಯಿತು.

ವಿರಾಮದಲ್ಲಿ ಮಂಜನ್ನು ಸಮ ಮಾಡುವ ಯಂತ್ರವನ್ನು ಪೂರ್ತಿಯಾಗಿ ತೋರಿಸಿದ್ದು ಮಾತ್ರ ಸಂತೋಷದ ವಿಷಯ. ಅಮೆರಿಕದ ಫ್ರಾಂಕ್ ಜಾಂಬೋನಿ 1949ರಲ್ಲಿ ರೂಪಿಸಿದ ಯಂತ್ರದ ವಂಶದ್ದು ಅದು. ಗೀರುಬಿದ್ದ ಮೇಲ್ಪದರವನ್ನು ಹೆರೆದು ತೆಗೆದು, ಹಿಂದಿನಿಂದ ನೀರು ಬಿಡುತ್ತ ಹೋಗುತ್ತದೆ. ತಣ್ಣೀರಿಗಿಂತ ಬಿಸಿನೀರು ಹಳೆಯ ಪದರದೊಂದಿಗೆ ಚೆನ್ನಾಗಿ ಬೆರೆತು ನುಣುಪಾಗಿ ಹೆಪ್ಪುಗಟ್ಟುತ್ತದೆಯೆಂಬ ಕಾರಣಕ್ಕೆ ಬಿಸಿನೀರನ್ನೇ ಬಳಸುತ್ತಾರೆ. ಹಬೆಯಾಡುವ ಹಂಡೆಯ ಪಕ್ಕ ಕುಳಿತು ಇದನ್ನು ನೋಡಿದವರಲ್ಲಿ ಒಬ್ಬರೂ ವಿರಾಮವೆಂದು ಎದ್ದು ಹೋಗಲಿಲ್ಲ.

ಉಳಿದ ಪಂದ್ಯಗಳ ಕುರಿತು ಬೇಗ ಹೇಳಿ ಮುಗಿಸುತ್ತೇನೆ. ಕ್ವಾರ್ಟರ್ ಫೈನಲ್‌ನಲ್ಲಿ ಜೆಕಿಯಾ, ಆಟ ಮುಗಿಯಲು ಒಂದು ನಿಮಿಷವೂ ಉಳಿಯದಿದ್ದಾಗ ಹೊಡೆದ ಗೋಲಿನಿಂದ, ಕೆನಡಾವನ್ನು 4–3ರಲ್ಲಿ ಹೊರಗೆ ಕಳುಹಿಸಿತು. 2024ರಲ್ಲಿ ಸ್ವೀಡನ್ನಿನ ಯೊಥೆಬೊರಿ (ಗೋಥೆನ್‌ಬರ್ಗ್) ನಗರದಲ್ಲಿ ನಡೆದ ಹಿಂದಿನ ಆವೃತ್ತಿಯಲ್ಲೂ ಇದೇ ಹಂತದಲ್ಲಿ ಇದೇ ತಂಡ ಕೆನಡಾವನ್ನು ಸೋಲಿಸಿತ್ತು. ಜೆಕಿಯಾ ಮತ್ತು ಸ್ವೀಡನ್ ನಡುವಿನ ಕಂಚಿನ ಪಂದ್ಯ ಹದಿನಾಲ್ಕು ಸುತ್ತಿನ ಶೂಟೌಟ್‌ವರೆಗೆ ಹೋಯಿತು. ನಮ್ಮ ಜನವರಿ 6ರ ಬೆಳಿಗ್ಗೆಯ ಫೈನಲ್‌ನಲ್ಲಿ ಫಿನ್ಲೆಂಡ್ 3–1ರಿಂದ ಮುಂದಿದ್ದು, ಅಮೆರಿಕ ಸರಿಸಮ ಮಾಡಿಕೊಂಡು, ಹೆಚ್ಚುವರಿ ಅವಧಿಯಲ್ಲಿ ಟೆಡ್ಡಿ ಸ್ಟಿಗಾ ಗೋಲಿನಿಂದ 4–3ಕ್ಕೆ ಗೆದ್ದಿತು. ಸೋತ ತಂಡದ ಪೆಟ್ಟೆರಿ ರಿಂಪಿನೆನ್ ಕೂಟದ ಶ್ರೇಷ್ಠ ಗೋಲ್‌ಕೀಪರ್ ಎನಿಸಿಕೊಂಡ. ಅಂದು ಪ್ರಸಾರ ಒಂದು ಕ್ಷಣವೂ ನಿಲ್ಲಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಲೇಬೇಕು.

ಭಾರತ 1989ರಿಂದ ಈ ಒಕ್ಕೂಟದ ಸದಸ್ಯ. ಲಡಾಖಿನ ಮತ್ತು ಹಿಮಾಚಲದ ಸ್ಪಿತಿಯ ಮಕ್ಕಳು ಚಳಿಗಾಲದ ಕೆಲವೇ ವಾರಗಳ ನೈಸರ್ಗಿಕ ಮಂಜಿನ ಮೇಲೆ ಇದೇ ಆಟವನ್ನು ಕಲಿಯುತ್ತಾರೆ. ಅವರ ನೆನಪಿನಿಂದಲೂ ನಾನು ಈ ಕೂಟವನ್ನು ಅಕ್ಕರೆಯಿಂದ ನೋಡಿದೆ. ಮಲೆನಾಡಿನ ಓದುಗರು ಈ ಸೇವೆಗೆ ಹಣ ಕಟ್ಟುವುದಾದರೆ, ಫೈನಲ್‌ಗೆ ಕಾಯದೆ ಗುಂಪು ಹಂತದಿಂದಲೇ ನೋಡಲಿ. ಸಣ್ಣ ದೇಶವೊಂದು ದೊಡ್ಡ ದೇಶದ ಎದುರು ಆಡುವ ಪಂದ್ಯವನ್ನು ಆರಿಸಿಕೊಳ್ಳಲಿ. ಸಾಧ್ಯವಾದಷ್ಟು ದೊಡ್ಡ ಪರದೆಯನ್ನು ಬಳಸಲಿ, ಮೊಬೈಲಿನಲ್ಲಿ ಪಕ್ ಕಾಣುವುದು ನಿಜಕ್ಕೂ ಕಷ್ಟ. ಆಟಕ್ಕೆ ಐದರಲ್ಲಿ ಐದು ಅಂಕ ಕೊಡುತ್ತೇನೆ, ಚಿತ್ರ ಮತ್ತು ಧ್ವನಿಗೆ ನಾಲ್ಕು, ಸೇವೆಯ ನಿರ್ವಹಣೆಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ.

ಮುಂದಿನ ಕೊಯ್ಲಿಗೂ ನಾವು ಹಣ ಕಟ್ಟುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಟಿವಿಯನ್ನು ಚಪ್ಪರದ ಕಂಬದ ಬಲಬದಿಗೆ ಸರಿಸಿಡಬೇಕು, ಮೆಟ್ಟುಗತ್ತಿಯ ಮೇಲೆ ಕುಳಿತವರಿಗೆ ಎಡಗಡೆಯ ಗೋಲು ಕಾಣುತ್ತಿರಲಿಲ್ಲವೆಂದು ದೊಡ್ಡಪ್ಪ ಹೇಳಿದ್ದಾರೆ.