ಕಾರ್ನ್ ಅಥವಾ ಎರ್ಗೊಡಾಕ್ಸ್: ಮೊದಲ ಇಬ್ಭಾಗದ ಕೀಬೋರ್ಡ್ ಯಾವುದು?

ಎರಡೂ ಎಡಗೈಗೊಂದು, ಬಲಗೈಗೊಂದು ತುಂಡಾಗಿರುವ ಕೀಬೋರ್ಡ್‌ಗಳು. ಎರ್ಗೊಡಾಕ್ಸ್‌ನಲ್ಲಿ 76 ಕೀಲಿಗಳು. ಕಾರ್ನ್‌ನಲ್ಲಿ ಬರೀ 42. ನಿಜವಾದ ಆಯ್ಕೆ ಇಷ್ಟೇ: ಅಂಕಿಗಳಿಗೆ ಸಾಲು ಬೇಕಾ, ಲೇಯರ್ (ಒಂದು ಕೀಲಿ ಹಿಡಿದಾಗ ಉಳಿದ ಕೀಲಿಗಳು ಬೇರೆ ಅಕ್ಷರ ಕೊಡುವ ವ್ಯವಸ್ಥೆ) ಸಾಕಾ?

ಎರ್ಗೊಡಾಕ್ಸ್‌ನಲ್ಲಿ ಅಂಕಿಯ ಸಾಲು ಇದೆ, ಹಾಗಾಗಿ ಮೊದಲ ದಿನವೇ ಕೆಲಸ ನಡೆಯುತ್ತದೆ. ಹೆಬ್ಬೆರಳಿಗೆ ಕೈಗೆ ಆರರಂತೆ ಕೀಲಿ ಇದ್ದರೂ ಚಿಕ್ಕ ಕೈಯವರಿಗೆ ಎಲ್ಲವೂ ಎಟುಕುವುದಿಲ್ಲ. ಕಾರ್ನ್‌ನಲ್ಲಿ ಕೈಗೆ ಮೂರೇ, ಮೂರೂ ಕೈಗೆ ಸಿಗುತ್ತವೆ. ಅಂಕಿ, ಬಾಣ, ಆವರಣ ಎಲ್ಲವೂ ಲೇಯರ್‌ಗಳಲ್ಲಿ. ಮೊದಲ ವಾರಗಳಲ್ಲಿ ಪಾಸ್‌ವರ್ಡ್ ಹೊಡೆಯೋದೇ ಒಂದು ಸಾಹಸ!

ಕನ್ನಡ ಟೈಪ್ ಮಾಡುವವರು ಇಲ್ಲಿ ಸ್ವಲ್ಪ ನಿಲ್ಲಿ. ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿ ವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ನಲ್ಲಿ ‘ಡ’ ಇರುವುದು ಚೌಕ ಆವರಣದ ಕೀಲಿಯಲ್ಲಿ. ಕಾರ್ನ್‌ನಲ್ಲಿ ಅದು ಲೇಯರ್‌ಗೆ ಹೋಗುತ್ತದೆ, ‘ಅಡಿಗೆ’ ಬರೆಯಲೂ ಹೆಬ್ಬೆರಳಿನ ಕೀಲಿ ಒತ್ತಬೇಕು. ಕೆ.ಪಿ. ರಾವ್ ವಿನ್ಯಾಸದಲ್ಲಿ ‘ಡ’ ಡಬ್ಲ್ಯೂ ಕೀಲಿಯಲ್ಲೇ ಇದೆ, ಆ ತಾಪತ್ರಯವಿಲ್ಲ.

ಎರಡರಲ್ಲೂ ಕ್ಯೂಎಂಕೆ ಓಡುತ್ತದೆ; ಯಾವ ಕೀಲಿ ಏನು ಮಾಡಬೇಕೆಂದು ನಾವೇ ಹೇಳಬಹುದಾದ, ಕೀಬೋರ್ಡ್ ಒಳಗಿನ ತಂತ್ರಾಂಶ ಅದು. ಒಂದೇ ಕೀಲಿ ತಟ್ಟಿದರೆ ಅಕ್ಷರ, ಹಿಡಿದರೆ ಶಿಫ್ಟ್ ಆಗುವಂತೆ ಮಾಡಬಹುದು. ತಟ್ಟಿದ್ದೋ ಹಿಡಿದದ್ದೋ ಎಂದು ತೀರ್ಮಾನಿಸುವ ಗಡುವು ಮೊದಲಿಗೆ 200 ಮಿಲಿಸೆಕೆಂಡ್. ಬೇಡದ ಶಿಫ್ಟ್ ಬರುತ್ತಿದ್ದರೆ ಸ್ವಲ್ಪ ಹೆಚ್ಚಿಸಿ. ವೈರ್ ಬೇಡವೆಂದರೆ ಅಂಥದ್ದೇ ವೈರ್‌ಲೆಸ್ ತಂತ್ರಾಂಶವಾದ ಝಡ್‌ಎಂಕೆ ಇರುವ ಕಾರ್ನ್ ನೋಡಿ.

ವೈರ್ ಇರುವುದಾದರೆ ಒಂದು ಮಾತು: ಎರಡು ಭಾಗ ಜೋಡಿಸುವ ಟಿಆರ್‌ಆರ್‌ಎಸ್ ಕೇಬಲ್ಲನ್ನು (ಇಯರ್‌ಫೋನ್ ಪಿನ್ನಿನಂಥ ತುದಿ ಇರುವುದು) ಕೀಬೋರ್ಡ್‌ಗೆ ಕರೆಂಟ್ ಇರುವಾಗ ಕೀಳಬೇಡಿ, ಶಾರ್ಟ್ ಆದೀತು.

ದಿನವಿಡೀ ಲೆಕ್ಕಪತ್ರದ ಕೆಲಸವಾದರೆ ಎರ್ಗೊಡಾಕ್ಸ್. ಕೋಡ್ ಬರೆಯುವವರು, ಬ್ಯಾಗಲ್ಲಿ ಹಾಕಿಕೊಂಡು ಓಡಾಡುವವರು ಕಾರ್ನ್ ತಗೊಳ್ಳಿ. ನನ್ನ ಮೇಜಿನ ಮೇಲೆ ಇರುವುದೂ ಅದೇ.